ಮುಷ್ಟಿಯ ಬಿಸಿ

"ನಿಮ್ಮ ಯಂತ್ರವೂ ಮಾದರಿ ಕೆಡಿಸಿದ್ರೆ ಇನ್ಯಾರ ತಲೆಗೆ ಕಟ್ಟಲಿ?" ಪ್ರಯೋಗಾಲಯದವರೆಲ್ಲ ಸಿಡುಕ ಎಂದೇ ಕರೆಯುವ ಅವನು ಫೋನಿನಲ್ಲಿ ಮೆಕ್ಯಾನಿಕ್ಕಿನ ಮೇಲೆ ಹರಿಹಾಯ್ದ. ಪ್ರೋಟೀನಿಗೆ ಅಂಟಿದ ಫಾಸ್ಫೇಟನ್ನು ಪತ್ತೆಹಚ್ಚುವ ಜಾಗ ಅದು. ಮಾದರಿ ಬೆಚ್ಚಗಾದರೆ ಫಾಸ್ಫೇಟ್ ಕಳಚಿ ಹೋಗುತ್ತದೆ. ಮಾದರಿಯ ಟ್ಯೂಬನ್ನು ಐಸಿನಿಂದೆತ್ತಿ ಕೊಡುವುದು ಮೊದಲಿನಿಂದಲೂ ಸಿಡುಕನ ಕೆಲಸ.

"ಏನಪ್ಪಾ, ಯಂತ್ರದ ಕೈನೂ ನಡುಗುತ್ತಂತಾ?" ಮೂಲೆಯ ಸಿಂಕಿನಲ್ಲಿ ಬಾಟಲಿ ತೊಳೆಯುತ್ತಿದ್ದ, ಎಲ್ಲರೂ ಅಕ್ಕ ಎನ್ನುವ ಹಿರಿಯ ಕೆಲಸಗಾರ್ತಿ ತಿರುಗದೆಯೇ ಕೇಳಿದಳು. ಹೋದ ತಿಂಗಳು ಈ ಯಂತ್ರ ಬರುವವರೆಗೂ ಮಾದರಿಗಳನ್ನು ಕೈಯಾರೆ ಸಿದ್ಧಪಡಿಸುತ್ತಿದ್ದವಳು ಅವಳು. "ಅಕ್ಕನ ಕೈ ನಡುಗುತ್ತೆ ಮೇಡಂ, ಅದಕ್ಕೇ ಕೆಡ್ತಿದೆ" ಎಂದು ಮುಖ್ಯಸ್ಥೆಯ ಮುಂದೆ ಕೂಗಾಡಿ ಅವಳನ್ನು ಆ ಮೂಲೆಗೆ ತಳ್ಳಿಸಿದವನು ಇವನೇ.

"ಸಾರ್, ಟ್ಯೂಬ್ ಐಸಲ್ಲೇ ಇರುತ್ತಲ್ವಾ?" ಮೆಕ್ಯಾನಿಕ್ ಸಾವಧಾನವಾಗಿ ಕೇಳಿದ.

"ಮತ್ತಿನ್ನೇನು ಒಲೆ ಮೇಲಾ?"

"ಈಗೆಲ್ಲಿದೆ?"

"ಇಲ್ಲೇ, ನನ್ನ ಕೈಯಲ್ಲೇ..."

ಸಿಡುಕ ಮುಷ್ಟಿ ಬಿಚ್ಚಿದ. ಪುಟ್ಟ ಟ್ಯೂಬು ಆಗಷ್ಟೇ ಇಟ್ಟ ಮೊಟ್ಟೆಯಂತೆ ಬೆಚ್ಚಗಿತ್ತು. ಅಕ್ಕನ ಮೇಲೆ ರೇಗಾಡಿದಾಗಲೆಲ್ಲ ಒಂದಲ್ಲ ಒಂದು ಟ್ಯೂಬು ಇದೇ ಮುಷ್ಟಿಯಲ್ಲಿತ್ತು.

"ಅಕ್ಕಾ..." ಎಂದ. ಹುಟ್ಟಿದಾಗಿನಿಂದ ಕೂಗಿಯೇ ಮಾತಾಡಿದವನ ದನಿ ಇಂದು ನಲ್ಲಿ ನೀರಿನ ಸದ್ದಿಗಿಂತ ಸಣ್ಣದಾಗಿತ್ತು. ಅಕ್ಕನಿಗೆ ಕೇಳಿಸಲಿಲ್ಲ.