ಪೇಢೆಯವರ ಕಿಣ್ವ

ಒಮ್ಮೆ ಕೊಟ್ಟ ಕಿಣ್ವ ಮತ್ತೆ ಮೈಯಲ್ಲಿ ಹುಟ್ಟುವುದಿಲ್ಲವೆಂದು ಗೊತ್ತಿದ್ದೂ ಜನ ಧಾರವಾಡದ ಕಿಣ್ವ ಕೇಂದ್ರಕ್ಕೆ ಬಂದು ಕೊಟ್ಟುಹೋಗುತ್ತಿದ್ದರು. ಅದನ್ನು ಐಸಿನಲ್ಲಿಟ್ಟು ಪ್ರಯೋಗಾಲಯಗಳಿಗೆ ಕಳಿಸುವುದು ಮಂದಾಕಿನಿಯ ಕೆಲಸ. ಮೊನ್ನೆ ಚಹಾದ ಅವಸರದಲ್ಲಿ ಅವಳು ಒಂದು ಶೀಶೆಯನ್ನು ಕಿಟಕಿಯ ಬಳಿಯೇ ಮರೆತಿದ್ದಳು. ಮರಳಿ ಬರುವಷ್ಟರಲ್ಲಿ ಅದು ಬಿಸಿಲಿಗೆ ಕೆಟ್ಟಿತ್ತು. ಯಾರಿಗೂ ಹೇಳದೆ ಮೋರಿಗೆ ಸುರಿದುಬಿಟ್ಟಳು. ಅದು ಹಾಲನ್ನು ಅರಗಿಸುವ ಕಿಣ್ವ. ಕೊಟ್ಟವರು ಪೇಢೆ ಮಾಡುವ ಗುರುಸಿದ್ದಪ್ಪಜ್ಜ.

ಇವತ್ತು ಅಜ್ಜ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಂದು ಮುಟ್ಟಿತೇನವಾ?"

"ಮುಟ್ಟೇತ್ರಿ, ಅಜ್ಜಾರ," ಎಂದಳು, ತಲೆ ಎತ್ತದೆ.

"ಹಾಲು ಒಗ್ಗದ ಕೂಸುಗಳಿಗೆ ಔಷಧ ಸಿಕ್ರ ಸಾಕು." ಅಜ್ಜ ಡಬ್ಬಿ ತೆರೆದರು. "ಇದನ್ನ ತಿಂದು, ಸಕ್ಕರಿ ಸರಿ ಐತೇನ್ ಹೇಳು. ಈಗ ಒಂದು ಚೂರು ತಿಂದ್ರೂ ನನ್ನ ಹೊಟ್ಟಿ ತಡಿಯೂದಿಲ್ಲ. ನಲವತ್ತು ವರ್ಷ ನಾನೇ ರುಚಿ ನೋಡಿ ಕೊಟ್ಟಾಂವ."

ಮಂದಾಕಿನಿ ಪೇಢೆಯನ್ನು ಬಾಯಿಗಿಟ್ಟುಕೊಂಡಳು. ಸಕ್ಕರೆ ಹೆಚ್ಚೋ ಕಡಿಮೆಯೋ, ಅವಳಿಗೆ ತಿಳಿಯಲೇ ಇಲ್ಲ.

"ಭಾಳ ಚಲೋ ಆಗೇತ್ರಿ."

ಅಜ್ಜನ ಮುಖ ಅರಳಿತು. "ಹಂಗಾದ್ರ ದಿನಾ ತರ್ತೀನವಾ. ಇನ್ನು ನಿನ್ನ ನಾಲಿಗೀನ ನನ್ನ ನಾಲಿಗಿ."