ತೌಡಿನ ಭರಣಿ

ಅಸಾಮಿ ಮಹಡಿಯ ಕಟಕಟೆಗೆ ಹಾಸಿಗೆಗಳನ್ನು ಒಣಹಾಕಿ ಕೋಲಿನಿಂದ ಬಡಿಯುತ್ತಿದ್ದಳು. ಕೆಳಗೆ ಕಾರಿನ ಹಾರನ್ ಕೇಳಿತು. ನೋಡಿದರೆ ಗೆಳತಿ ರಿತ್ಸುಕೊ ಕಿಟಕಿಯಿಂದ ತಲೆ ಹೊರಹಾಕಿ ನಗುತ್ತಿದ್ದಳು. ವಸಂತದಲ್ಲಿ ಅವಳ ಗಂಡ ಮಸಾರು ತೀರಿಹೋದ ಮೇಲೆ ಅವಳು ನಕ್ಕದ್ದನ್ನು ಅಸಾಮಿ ಕಂಡಿರಲಿಲ್ಲ.

"ಕಾರು ಹತ್ತು ಬಾರೇ. ಸಮುದ್ರ ನೋಡೋಣ."

"ಈಗಲಾ? ಇನ್ನೂ ಹಾಸಿಗೆ ಬಡೀತಿದ್ದೀನಿ ಕಣೆ."

"ಹಾಸಿಗೆಗೇನು ಕಾಲಿದೆಯಾ ಓಡಿಹೋಗೋಕೆ? ಕೊಹಾರೂನೂ ಕರ್ಕೊಂಡು ಬಾ. ಭಾನುವಾರಾನೂ ಮಗೂನ ಮನೇಲಿ ಕೂಡಿಹಾಕ್ತಾರಾ?"

ಇಷ್ಟು ದಿನ ಕದ ಹಾಕಿಕೊಂಡು ಕೂತವಳು ತಾನಾಗಿ ಬಂದಿದ್ದಾಳೆ. ಬೇಡ ಅನ್ನಲು ಮನಸ್ಸು ಬರಲಿಲ್ಲ. ಅಸಾಮಿ ಬೆಳಗಿನ ಅನ್ನವನ್ನು ಉಂಡೆ ಕಟ್ಟಿ, ಆರು ವರ್ಷದ ಮಗಳಿಗೆ ಟೋಪಿ ಹಾಕಿ, ಏಪ್ರನ್ ಬಿಚ್ಚುವುದನ್ನೂ ಮರೆತು ಕಾರು ಹತ್ತಿದಳು.

ಊರು ದಾಟಿತು. ಕೊಯ್ಲಾದ ಗದ್ದೆಗಳು, ಸೂರಿನಡಿ ಒಣಗಲು ಕಟ್ಟಿದ ಕಿತ್ತಳೆ ಬಣ್ಣದ ಕಾಕಿ ಹಣ್ಣಿನ ಸರಗಳು ಹಿಂದೆ ಸರಿದವು. ಹಿಂದಿನ ಸೀಟಿನಿಂದ ಕೊಹಾರು ಕಿಲಕಿಲ ನಕ್ಕಳು. "ಅಮ್ಮಾ, ಇಲ್ಲಿ ರಿತ್ಸುಕೊ ಅತ್ತೆಯ ಭರಣಿ ಇದೆ. ಅದಕ್ಕೂ ಬೆಲ್ಟ್ ಹಾಕಿದ್ದಾರೆ."

ಅಸಾಮಿ ತಿರುಗಿ ನೋಡಿದಳು. ಅಕ್ಕಿ ತೌಡಿಗೆ ಉಪ್ಪು ಬೆರೆಸಿ, ಹುಳಿ ಬರಲೆಂದು ತರಕಾರಿ ಹೂತಿಡುವ ಅದೇ ಭರಣಿ. ರಿತ್ಸುಕೊಗೆ ಮಸಾರುವಿನ ತಾಯಿಯ ಕೈಯಿಂದ ಬಂದದ್ದು, ಆ ತಾಯಿಗೆ ಅವರ ಅತ್ತೆಯಿಂದ. ದಿನಾ ಬರಿಗೈ ಹಾಕಿ ತಳದವರೆಗೆ ಕಲಸಬೇಕು, ಇಲ್ಲದಿದ್ದರೆ ಒಳಗಿನ ಜೀವ ಸತ್ತುಹೋಗುತ್ತದೆ. ಮಸಾರುವಿನ ಅಂತ್ಯಕ್ರಿಯೆಯ ದಿನವೂ ರಿತ್ಸುಕೊ ಕಪ್ಪು ಬಟ್ಟೆಯ ತೋಳು ಮಡಚಿ ಇದನ್ನು ಕಲಸಿದ್ದಳು.

"ಇದನ್ನ ಯಾಕೆ ತಂದೆ?"

"ನೀನಿಟ್ಕೋ. ನಿನ್ನ ಕೈ ತಣ್ಣಗಿರುತ್ತೆ, ಬೇಗ ಹುಳಿಯಾಗಲ್ಲ."

"ಎಷ್ಟು ದಿನಕ್ಕೆ?"

ರಿತ್ಸುಕೊ ರೇಡಿಯೊ ಜೋರು ಮಾಡಿದಳು.

"ಮತ್ತೆ ನಿನ್ನ ಬೆಕ್ಕು?" ಅಸಾಮಿ ಕೇಳಿದಳು.

"ಪಕ್ಕದ ಮನೆಗೆ ಕೊಟ್ಟೆ. ಅಲ್ಲಿ ಮೀನು ಚೆನ್ನಾಗಿ ಹಾಕ್ತಾರೆ. ತಿಂದು ದಪ್ಪ ಆಗಿ ನನ್ನನ್ನೇ ಮರ್ತುಬಿಡುತ್ತೆ, ನೋಡ್ತಿರು."

ಅಷ್ಟರಲ್ಲಿ ಕವಲುದಾರಿ ಬಂತು. ಸಮುದ್ರದ ದಾರಿ ಎಡಕ್ಕೆ. ಕಾರು ಬಲಕ್ಕೆ, ಬೆಟ್ಟದ ಕಡೆ ಹೊರಳಿತು.

"ರಿತ್ಸುಕೊ, ಸಮುದ್ರ ಆ ಕಡೆ ಅಲ್ವಾ?"

"ಮೊದ್ಲು ಸೇತುವೆಗೆ ಹೋಗೋಣ. ಅಲ್ಲಿ ಎಲೆ ಕೆಂಪಾಗೋದು ನೋಡೋಕೆ ಮಸಾರುಗೆ ಇಷ್ಟ ಇತ್ತು."

ಹೋದ ವರ್ಷ ಆ ಕಣಿವೆಯ ಸೇತುವೆಯ ಅಂಚಿನ ತಡೆಕಂಬಿಗಳನ್ನು ಎತ್ತರಿಸಿದ್ದರು. ಯಾಕೆಂದು ಊರಿನಲ್ಲಿ ಯಾರೂ ಆಡುವುದಿಲ್ಲ, ಎಲ್ಲರಿಗೂ ಗೊತ್ತು. ಈಗ ಕೇಳಬೇಕಾದದ್ದು ಏನೆಂದು ಅಸಾಮಿಗೆ ಗೊತ್ತಿತ್ತು. ಇಂಥದ್ದನ್ನು ಮುಖ ನೋಡಿ ಕೇಳುವ ರೂಢಿ ಅವಳ ತಾಯಿಗೂ ಇರಲಿಲ್ಲ, ಅವಳಿಗೂ ಇಲ್ಲ. ಕೇಳಿದರೆ ಅದು ನಿಜವಾಗಿಬಿಟ್ಟರೆ ಎಂಬ ಭಯ ಬೇರೆ. "ಅನ್ನದುಂಡೆ ತಿಂತೀಯಾ? ಒಳಗೆ ಉಪ್ಪುಮೀನಿದೆ," ಎಂದಳು. ತನ್ನ ದನಿ ತನಗೇ ಬೇರೆಯವರದ್ದೆನಿಸಿತು.

"ಬೇಡ. ನೀವು ತಿನ್ನಿ."

"ಅಮ್ಮಾ, ಅತ್ತೆ ಯಾಕೆ..." ಕೊಹಾರು ಶುರುಮಾಡಿದಳು. ಅಸಾಮಿ ಹಿಂದಕ್ಕೆ ಕೈ ಚಾಚಿ ಮಗಳ ಮೊಣಕಾಲು ಒತ್ತಿದಳು.

ಸುರಂಗದ ಕತ್ತಲಿನಿಂದ ಹೊರಬಂದಾಗ ಎದುರಿಗೇ ಸೇತುವೆ. ಒಂದು ನರಪಿಳ್ಳೆಯೂ ಇರಲಿಲ್ಲ. ರಿತ್ಸುಕೊ ಅಂಚಿನಲ್ಲಿ ಕಾರು ನಿಲ್ಲಿಸಿ ಎಂಜಿನ್ ಆರಿಸಿದಳು. ಎಲ್ಲೋ ಬಹಳ ಕೆಳಗಿನಿಂದ ನೀರಿನ ಸದ್ದು ಕೇಳಿಸತೊಡಗಿತು.

"ನಾನು ಒಂಚೂರು ನೋಡ್ಕೊಂಡು ಬರ್ತೀನಿ. ಗಾಳಿ ಜಾಸ್ತಿ, ನೀವಿಲ್ಲೇ ಇರಿ. ಕೀಲಿ ಇಲ್ಲೇ ಬಿಟ್ಟಿದ್ದೀನಿ. ನಿಂಗೆ ಓಡಿಸೋಕೆ ಬರುತ್ತಲ್ಲ."

"ನಾನೂ ಬರ್ತೀನಿ."

"ಮಗು ಒಂದೇ ಇರುತ್ತಾ? ಕೂತ್ಕೋ ಸುಮ್ನೆ."

ಅಸಾಮಿ ಅವಳ ತೋಳಿನ ಬಟ್ಟೆ ಹಿಡಿದುಕೊಂಡಳು. ರಿತ್ಸುಕೊ ನಗುತ್ತಲೇ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಅವಳ ಇನ್ನೊಂದು ಕೈ ಆಗಲೇ ಬಾಗಿಲ ಹಿಡಿಯ ಮೇಲಿತ್ತು.

"ಅತ್ತೆ, ಇವತ್ತು ನೀವು ಕಲಸೇ ಇಲ್ಲ."

ಕೊಹಾರು ಬೆಲ್ಟ್ ಬಿಡಿಸಿ ಭರಣಿಯನ್ನು ತೊಡೆಗೆಳೆದುಕೊಂಡು ಮುಚ್ಚಳ ತೆಗೆದಿದ್ದಳು. ಹುಳಿವಾಸನೆ ಕಾರಿನ ತುಂಬ ಹರಡಿತು.

"ನಿಮ್ಮಮ್ಮ ಕಲಸ್ತಾಳೆ ಬಿಡೇ."

"ಅಮ್ಮಂಗೆ ಬರಲ್ಲ. ಅಮ್ಮ ತಳ ಮುಟ್ಟಲ್ಲ. ನೀವೇ ತಾನೇ ಹೇಳಿದ್ದು, ತಳ ಮುಟ್ಟಬೇಕು ಅಂತ?"

ಮಗು ಭರಣಿಯನ್ನು ಎರಡು ಸೀಟುಗಳ ನಡುವೆ ತಳ್ಳಿತು. ರಿತ್ಸುಕೊ ಅದನ್ನೇ ನೋಡಿದಳು. ಮೇಲಿನ ತೌಡು ಒಣಗಿ ಬಿರಿದಿತ್ತು. ಬಾಗಿಲ ಹಿಡಿಯಿಂದ ಅವಳ ಕೈ ಈಚೆ ಬಂತು. ಎಷ್ಟೋ ವರ್ಷಗಳ ಅಭ್ಯಾಸ, ತೋಳು ತಾನಾಗಿ ಮಡಚಿಕೊಂಡಿತು, ಕೈ ಮಣಿಕಟ್ಟು ದಾಟುವವರೆಗೆ ತೌಡಿನೊಳಗೆ ಇಳಿಯಿತು, ತಳದ್ದನ್ನು ಮೇಲಕ್ಕೆ ಮಗುಚಿತು, ಮತ್ತೆ ಇಳಿಯಿತು.

ಅಸಾಮಿ ಆ ಕೈಯನ್ನೇ ನೋಡುತ್ತಿದ್ದಳು. ಕೊಹಾರು ಭರಣಿ ಅಲುಗದ ಹಾಗೆ ಎರಡೂ ತೋಳುಗಳಿಂದ ತಬ್ಬಿ ಹಿಡಿದು, ಈ ಸಲ ಅಮ್ಮನ ಕಡೆ ತಿರುಗದೆ, ಮೆಲ್ಲಗೆ ಕೇಳಿದಳು:

"ಅತ್ತೆ, ನೀವು ಮಸಾರು ಮಾವನ ಹತ್ರ ಹೋಗ್ತಾ ಇದ್ದೀರಾ?"