ಒಂದೇ ಮನೆಯ ಎರಡು ಸಾಲು

ಪರದೆಯ ಮೇಲೆ ಬಂದ ಮೂವತ್ತೊಂದು ಸಾಲುಗಳಲ್ಲಿ ಎರಡು ತನ್ನ ಮಕ್ಕಳದ್ದೇ ಎಂದು ಕಂಡಾಗ ರತ್ನಪ್ರಭಾ ಕುರ್ಚಿಯಿಂದ ಎದ್ದು ನಿಂತಳು. ದೆಹಲಿಯ ಕರೋಲ್ ಬಾಗಿನ ಆ ಶಾಲೆಯ ದಾಖಲೆಗಳು ಆ ವರ್ಷವಷ್ಟೇ ಕಂಪ್ಯೂಟರಿಗೆ ಬಂದಿದ್ದವು. ಒಂದೇ ಮನೆಯವರಾಗಿದ್ದೂ ಮಾತೃಭಾಷೆ ಬೇರೆ ಬೇರೆ ಎಂದು ದಾಖಲಾದ ಮಕ್ಕಳನ್ನು ಹುಡುಕಿ, ಸಂಜೆಯೊಳಗೆ ತಿದ್ದುವ ಕೆಲಸ ಕಂಪ್ಯೂಟರ್ ಟೀಚರಾದ ಅವಳದು. ದಾಖಲೆಗಳಿಂದ ಬೇಕಾದ್ದನ್ನು ಹೆಕ್ಕಿ ಕೊಡು ಎಂದು ಕಂಪ್ಯೂಟರಿಗೆ ಹೇಳುವ ಕ್ವೆರಿ, ಅದರೊಳಗೆ ಇನ್ನೊಂದು ಕ್ವೆರಿ ಬರೆದಿದ್ದಳು. ಒಳಗಿನದು ಅಂಥ ಮನೆಗಳನ್ನು ಹುಡುಕಿತ್ತು, ಹೊರಗಿನದು ಆ ಮನೆಗಳ ಮಕ್ಕಳ ಹೆಸರು ತಂದಿತ್ತು. ಅನನ್ಯಾ, ಕನ್ನಡ. ಧನ್ಯಾ, ಹಿಂದಿ.

ಟೈಪ್ ಮಾಡಿದವರ ತಪ್ಪಿರಬೇಕೆಂದು ಅವಸರದಲ್ಲಿ ಫೈಲು ಕೆದಕಿ ಧನ್ಯಾಳ ಫಾರಂ ತೆಗೆದಳು. 'ಹಿಂದಿ' ಎಂದು ಬರೆದಿದ್ದದ್ದು ಮಗಳದೇ ಕೈಬರಹದಲ್ಲಿ. ಕೆಳಗೆ, ತಾಯಿಯಾಗಿ ತಾನೇ ಓದದೆ ಹಾಕಿದ ಸಹಿ.

ಊಟದ ಬಿಡುವಿನಲ್ಲಿ ಎಂಟನೇ ಕ್ಲಾಸಿನ ಧನ್ಯಾಳನ್ನು ಕರೆಸಿ ಫಾರಂ ಮುಂದಿಟ್ಟಳು.

"ಅಮ್ಮಾ, ಮಾತೃಭಾಷೆ ಮತ್ಲಬ್ ಅಮ್ಮ ಮಾತಾಡೋ ಭಾಷೆ ತಾನೆ?" ಧನ್ಯಾ ಕನ್ನಡ ಪದ ಹುಡುಕಿ ಹುಡುಕಿ ಹೇಳಿದಳು. "ಅಕ್ಕನ ಜೊತೆ ನೀನು ಕನ್ನಡ ಮಾತಾಡ್ತೀಯ. ನನ್ನ ಜೊತೆ ಹಿಂದಿ."

ಹಾಗೇನಿಲ್ಲ ಎಂದು ಹೇಳಲು ರತ್ನಪ್ರಭಾ ತಟ್ಟನೆ ಬಾಯಿ ತೆರೆದಳು.

"ಐಸಾ ಕುಛ್ ನಹೀಂ ಹೈ, ಬೇಟಾ."

ಹೇಳಿ ಮುಗಿಸಿದ ಮೇಲೆ ಅವಳಿಗೆ ತನ್ನ ಮಾತು ಕೇಳಿಸಿತು.